ಕೊನೆಯ ಖಾಲಿ ಸಾಲು

ಮೆಲ್ಬರ್ನ್ ಬಳಿಯ ವೆರಿಬೀಯ ಕಮ್ಯುನಿಟಿ ಹಾಲಿನಲ್ಲಿ ಯುಗಾದಿಯ ಊಟ ಮುಗಿದು, ಹೋಳಿಗೆ ತಿಂದವರೆಲ್ಲ ಮನೆಗೆ ಹೋಗಿ ಮಲಗಿಯಾಗಿತ್ತು. ಉಳಿದವರು ಮೂವರೇ: ಅಧ್ಯಕ್ಷ ಸ್ಥಾನದ ಅಭ್ಯರ್ಥಿ ಯೋಗೀಶ, ಎದುರಾಳಿಯ ಕಡೆಯಿಂದ ಎಣಿಕೆ ನೋಡಲು ಸಿಡ್ನಿಯಿಂದ ವಿಮಾನ ಹತ್ತಿ ಬಂದಿದ್ದ ಅಜಯ್, ಮತ್ತೆ ಚುನಾವಣಾಧಿಕಾರಿ ಚನ್ನಬಸವ್ವ. ಚನ್ನಬಸವ್ವನನ್ನು ಆ ಕುರ್ಚಿಯಲ್ಲಿ ಕೂರಿಸಿದ್ದಕ್ಕೆ ಕಾರಣ ಒಂದೇ. ಧಾರವಾಡದ ಕಡೆಯ ಆ ಹೆಂಗಸು ಯಾರ ಮುಲಾಜಿಗೂ ಬೀಳುವವಳಲ್ಲ ಎಂಬುದು ಎರಡೂ ಊರಿಗೆ ಗೊತ್ತಿತ್ತು.

ಎರಡೂ ಊರು ಎಂದರೆ ಸಿಡ್ನಿ ಮತ್ತು ಮೆಲ್ಬರ್ನ್. ಎರಡಕ್ಕೂ ಸೇರಿ ಒಂದೇ ಕನ್ನಡ ಬಳಗ, ಒಬ್ಬರೇ ಅಧ್ಯಕ್ಷರು. ಎಣಿಕೆ ಮಾತ್ರ ಆಯಾ ಊರಿನಲ್ಲಿ. ಸಿಡ್ನಿಯದು ಕೆಲ್ಲಿವಿಲ್‌ನಲ್ಲಿ ಮಧ್ಯಾಹ್ನದೊಳಗೇ ಮುಗಿದು, ಲೆಕ್ಕ ಫೋನಿನಲ್ಲಿ ಬಂದಿತ್ತು. ಅಲ್ಲಿನವನೇ ಆದ ಎದುರಾಳಿ ಅಭಿನಂದನ್ ಚೆನ್ನಾಗಿಯೇ ಮುಂದಿದ್ದ. ಅದು ಎಲ್ಲರೂ ಎಣಿಸಿದ್ದೇ. ತನ್ನ ಊರು ತನ್ನ ಕೈಹಿಡಿಯುತ್ತದೆ ಎಂದು ಯೋಗೀಶ ನೆಮ್ಮದಿಯಾಗಿ ಎರಡನೆಯ ಹೋಳಿಗೆಗೂ ತುಪ್ಪ ಹಾಕಿಸಿಕೊಂಡಿದ್ದ.

ಅವನಿಗೆ ಇದು ಮೂರನೆಯ ಸಲ. ಎರಡು ಸಲ ಸೋತಿದ್ದ. ವರ್ಷಗಟ್ಟಲೆ ಕಾರ್ಯದರ್ಶಿಯಾಗಿ ಹಾಲ್ ಬುಕ್ ಮಾಡಿ, ಕುರ್ಚಿ ಜೋಡಿಸಿ, ಬೇರೆಯವರ ಕೊರಳಿಗೆ ಹಾರ ಹಾಕಿ ಹಾಕಿ ಅವನಿಗೂ ಸಾಕಾಗಿತ್ತು. ಒಂದೇ ಒಂದು ಸಲ ಆ ಹಾರ ತನ್ನ ಕೊರಳಿಗೆ ಬೀಳಲಿ ಎಂಬ ಆಸೆ. ದೊಡ್ಡ ಆಸೆಯೇನಲ್ಲ, ಆದರೆ ಬಿಡಲಾರದ ಆಸೆ. "ಈ ಸಲ ಆಗ್ಲಿಲ್ಲ ಅಂದ್ರೆ ಇನ್ನು ನಿಲ್ಲಲ್ಲ ಕಣೇ," ಎಂದು ಹೆಂಡತಿ ಜಯಲಕ್ಷ್ಮಿಗೆ ಹೇಳಿದ್ದ. ಅವಳೀಗ ಕೆಲ್ಲಿವಿಲ್‌ನಲ್ಲಿರುವ ಮಗಳು ಪ್ರಣತಿಯ ಬಾಣಂತನಕ್ಕೆ ಹೋಗಿದ್ದಳು. ಬೆಳಗ್ಗೆ ಅಲ್ಲಿಯೇ ಮತ ಹಾಕಿ ಬಂದು, "ಹಾಕ್ದೆ ರೀ, ಟೆನ್ಶನ್ ಮಾಡ್ಕೋಬೇಡಿ" ಎಂದು ಫೋನ್ ಮಾಡಿದ್ದಳು.

ಮತ ಹಾಕುವುದು ಈ ದೇಶದ ಪದ್ಧತಿಯಂತೆಯೇ. ಮೊದಲು ಬೇಕಾದವರಿಗೆ ಒಂದು, ಅವರಾಗದಿದ್ದರೆ ಯಾರಾಗಬಹುದೋ ಅವರಿಗೆ ಎರಡು ಎಂದು ನಂಬರು ಹಾಕಬೇಕು. ಎಲ್ಲರಿಗಿಂತ ಕಡಿಮೆ ಬಂದವರು ಹೊರಗೆ ಹೋಗುತ್ತಾರೆ. ಅವರ ಚೀಟಿಗಳು ಎರಡನೆಯ ನಂಬರಿನವರ ರಾಶಿಗೆ ಸೇರುತ್ತವೆ. ಚೀಟಿಯಲ್ಲಿ ಇಬ್ಬರ ಹೆಸರಿನ ಕೆಳಗೆ ಒಂದು ಖಾಲಿ ಸಾಲು ಇರುತ್ತದೆ. ಬೇರೆ ಯಾರಾದರೂ ಬೇಕೆನಿಸಿದರೆ ಅಲ್ಲಿ ಹೆಸರು ಬರೆಯಬಹುದು. ಬಳಗ ಹುಟ್ಟಿದಾಗಿನಿಂದ ಆ ಸಾಲು ಇದೆ, ಬರೆಯುವವರು ಮಾತ್ರ ತಮಾಷೆಗಾರರು. ಹೋದ ಸಲ ಯಾರೋ ಪುಣ್ಯಾತ್ಮ ದಸರಾ ಆನೆಯ ಹೆಸರು ಬರೆದು ಒಂದು ಅಂತ ನಂಬರೂ ಹಾಕಿದ್ದ.

ಈ ಸಲ ಚನ್ನಬಸವ್ವ ಚೀಟಿ ಬಿಚ್ಚುತ್ತ ಹೋದಂತೆ ಮೂರನೆಯ ರಾಶಿಯೊಂದು ಏಳತೊಡಗಿತು.

"ಯೋಗೀಶಪ್ಪಾರ, ನಿಮ್ಮ ಮಂದಿ ಭಾಳ ಬರಿಯಾಕ ಹತ್ತ್ಯಾರಲ್ರೀ," ಎಂದಳು.

ಸಿಡ್ನಿ ಮೆಲ್ಬರ್ನ್ ಎರಡೂ ಕೂಡಿಸಿದರೆ ಅಭಿನಂದನ್‌ಗೆ ನೂರೈವತ್ತು, ಯೋಗೀಶನಿಗೆ ನೂರ ಮೂವತ್ತು. ಇಲ್ಲಿ ಖಾಲಿ ಸಾಲಿನಲ್ಲಿ ಕೈಯಿಂದ ಬರೆದ ಚೀಟಿಗಳೇ ತೊಂಬತ್ತರ ಹತ್ತಿರ. ಯೋಗೀಶ ಕುರ್ಚಿ ಎಳೆದುಕೊಂಡು ಮೇಜಿನ ಮೇಲೆ ಬಾಗಿದ.

"ಏನಂತ ಬರೆದಿದ್ದಾರೆ?"

ಚನ್ನಬಸವ್ವ ಕನ್ನಡಕ ಏರಿಸಿಕೊಂಡು ಓದಿದಳು. "ಏರ್‌ಪೋರ್ಟ್ ಆಂಟಿ. ಕುಕ್ಕರ್ ಆಂಟಿ. ಕೆಂಪು ಕಾರಿನ ಆಂಟಿ. ಮತ್ತ ಏರ್‌ಪೋರ್ಟ್ ಆಂಟಿ. ಪ್ರಣತಿ ಅಮ್ಮ. ಗುರುವಾರದ ಆಂಟಿ... ಅಲ್ರೀ, ಒಬ್ಬರಿಗಾದ್ರೂ ಖರೇ ಹೆಸರು ಗೊತ್ತಿಲ್ಲೇನು? ಹುಡುಗ್ರು ಬಂದಾಗಿಂದ ಆಂಟಿ, ಆಂಟಿ ಅಂತ ಉಂಡು ಹೋಗ್ಯಾವು, ಹೆಸರು ಕೇಳಿಲ್ಲ ನೋಡ್ರಿ!"

ಯೋಗೀಶನಿಗೆ ಥಟ್ಟನೆ ಹೊಳೆಯಿತು. ಹೊಳೆದದ್ದು ಎರಡು. ಒಂದು, ಇದೆಲ್ಲ ತನ್ನ ಜಯಾಳೇ. ಇನ್ನೊಂದು, ಆ ಚೀಟಿಗಳಲ್ಲಿ ಬಹುತೇಕ ಎಲ್ಲದರಲ್ಲೂ ಎರಡು ಅಂತ ಇದ್ದದ್ದು ತನ್ನ ಹೆಸರಿನ ಮುಂದೆ. ಯಾರೆಂದು ತಿಳಿಯದ ಹೆಸರು ಅಂತ ಇವನ್ನು ಬದಿಗಿಟ್ಟರೆ ಅಭಿನಂದನ್ ಗೆದ್ದ. ಇವೆಲ್ಲ ಒಬ್ಬಳೇ ಹೆಂಗಸಿನದು ಅಂತ ಒಪ್ಪಿದರೆ, ಅವಳದೇ ಕಡಿಮೆ ರಾಶಿ. ಅವಳು ಹೊರಗೆ, ಚೀಟಿಗಳು ಇವನಿಗೆ. ಹಾರ ಕೊರಳಿಗೆ!

"ಅಯ್ಯೋ, ಅದು ನಮ್ಮ ಜಯಾನೇ ಕಣ್ರೀ! ಎಲ್ಲ ಅವಳೇ!"

"ಹಂಗ ಹೇಳಿದ್ರ ನಡಿಯಂಗಿಲ್ಲ. ಆಂಟಿ ಅಂದ್ರ ಈ ಊರಾಗ ನೂರು ಮಂದಿ ಅದಾರ, ನಾನೂ ಒಬ್ಬಾಕಿ. ಒಂದೊಂದು ಹೆಸರಿಗೂ ಅದು ಆಕೀನ ಅಂತ ನೀವು ಹೇಳ್ರಿ, ಅಜಯಪ್ಪ ಒಪ್ಪಲಿ. ಮೊದಲು ಏರ್‌ಪೋರ್ಟ್."

ಯೋಗೀಶ ಗಂಟಲು ಸರಿಮಾಡಿಕೊಂಡ. "ಟಲ್ಲಮರೀನ್ ಏರ್‌ಪೋರ್ಟಿಗೆ ಯಾವ ಸ್ಟೂಡೆಂಟ್ ಬಂದು ಇಳಿದ್ರೂ, ಕರ್ಕೊಂಡ್ ಬರೋಕೆ ಯಾರೂ ಇಲ್ಲ ಅಂದ್ರೆ ನಮ್ಮ ಜಯಾ ಹೋಗ್ತಾಳೆ. ಮನೆಗೆ ಕರ್ಕೊಂಡ್ ಬಂದು ಅನ್ನ ಸಾರು ಹಾಕಿ, ಮೊದ್ಲು ಅವರಮ್ಮಂಗೆ ಫೋನ್ ಮಾಡಿಸ್ತಾಳೆ."

ಅಜಯ್ ಕೈ ಎತ್ತಿದ. ಸಿಡ್ನಿಯ ಚಾಟ್ಸ್‌ವುಡ್‌ನ ಆಫೀಸಿನ ಮೀಟಿಂಗಿನಲ್ಲಿ ಕೂತು ಕೂತು ಬಂದ ಅಭ್ಯಾಸ. "ಸಾರಿ ಸರ್. ಊಟಕ್ಕೆ ಮುಂಚೆ ಭಾಷಣದಲ್ಲಿ, ಈ ಊರಿಗೆ ಬಂದ ಮಕ್ಕಳನ್ನೆಲ್ಲ ಏರ್‌ಪೋರ್ಟಿಂದ ಕರ್ಕೊಂಡ್ ಬಂದೋನು ನಾನು ಅಂದ್ರಿ ನೀವು. ನಾನು ನೋಟ್ ಮಾಡ್ಕೊಂಡಿದೀನಿ."

"ಅದು... ಪೆಟ್ರೋಲ್ ನಂದು."

"ಪೆಟ್ರೋಲಿಗೆ ಯಾರೂ ವೋಟ್ ಹಾಕಿಲ್ರೀ," ಎಂದು ಚನ್ನಬಸವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೋಗಿದ್ದು ಯಾರು?"

"ಅವಳೇ. ನಾನು ಒಂದ್ಸಲ ಹೋಗಿದ್ದೆ. ಬೇರೆ ಟರ್ಮಿನಲ್‌ನಲ್ಲಿ ನಿಂತಿದ್ದೆ."

ಆ ಕಟ್ಟು ಒಪ್ಪಿತವಾಯಿತು. ಮುಂದಿನದು ಕುಕ್ಕರ್.

ಅದಕ್ಕೂ ಕಥೆ ಇತ್ತು. ಇವರ ಗ್ಯಾರೇಜಿನ ಅರ್ಧ ಕುಕ್ಕರುಗಳೇ. ಊರಿಗೆ ವಾಪಸ್ ಹೋಗುವವರು ಬಿಟ್ಟುಹೋದದ್ದು, ಹಿಡಿ ಮುರಿದದ್ದು, ಎಲ್ಲವನ್ನೂ ಜಯಲಕ್ಷ್ಮಿ ತಂದಿಡುತ್ತಿದ್ದಳು. ಹೊಸ ರಬ್ಬರು ಹಾಕಿ, ಹೊಸದಾಗಿ ಮನೆ ಮಾಡಿದವರಿಗೆ ಒಳಗೆ ಬೇಳೆ ತುಂಬಿಸಿ ಕೊಡುತ್ತಿದ್ದಳು. ಖಾಲಿ ಪಾತ್ರೆ ಕೊಡಬಾರದಂತೆ. "ನಾನು ಬೈತಾನೇ ಇದ್ದೆ," ಎಂದ ಯೋಗೀಶ. "ಕಾರ್ ಬೀದೀಲಿ ನಿಲ್ಲಿಸ್ತೀವಿ, ಕುಕ್ಕರ್ ಒಳಗೆ ಮಲಗಿವೆ, ಇದ್ಯಾವ ನ್ಯಾಯ ಅಂತ."

"ಕೆಂಪು ಕಾರು?"

"ಅದರಲ್ಲೇ ಎಷ್ಟೋ ಹೆಣ್ಣುಮಕ್ಕಳು ಡ್ರೈವಿಂಗ್ ಕಲ್ತಿದ್ದು. ಗಂಡಂದಿರು ಕಲಿಸೋಕೆ ಕೂತ್ರೆ ಜಗಳ ಆಗತ್ತೆ ನೋಡಿ, ಅದಕ್ಕೆ ಇವಳು ಪಕ್ಕದಲ್ಲಿ ಕೂರ್ತಾಳೆ. ಬೈಯೋದೇ ಇಲ್ಲ. ನಮ್ಮ ಲೆಟರ್‌ಬಾಕ್ಸ್ ಎರಡು ಸಲ ನೆಲಕ್ಕೆ ಬಿದ್ದಿದೆ. ಆವಾಗ್ಲೂ, ಪರ್ವಾಗಿಲ್ಲ, ಬ್ರೇಕ್ ಎಲ್ಲಿದೆ ಅಂತ ಈಗ ಗೊತ್ತಾಯ್ತಲ್ಲ ಅಂದ್ಲು."

ಹೇಳುತ್ತ ಹೇಳುತ್ತ ಯೋಗೀಶನಿಗೆ ಎಣಿಕೆ ಮರೆತುಹೋಯಿತು. ಯಾರೂ ಕೇಳದ್ದನ್ನೂ ಹೇಳತೊಡಗಿದ. ಬಂದ ಹೊಸತರಲ್ಲಿ ತನ್ನ ಕೆಲಸ ಹೋಗಿ ವರ್ಷವಿಡೀ ಮನೆಯಲ್ಲಿ ಕೂತದ್ದು. ಅವಳು ಚೈಲ್ಡ್‌ಕೇರಿನಲ್ಲಿ ಕೆಲಸ ಹಿಡಿದದ್ದು. ದಿನಾ ಸಂಜೆ ಬಂದು, "ಇವತ್ತು ಇಂಟರ್‌ವ್ಯೂ ಇತ್ತಾ?" ಎಂದು ಒಂದು ದಿನವೂ ಕೇಳದೆ, "ಬನ್ನಿ, ವಾಕಿಂಗ್ ಹೋಗೋಣ" ಎನ್ನುತ್ತಿದ್ದದ್ದು. "ಅದನ್ನ ಅವಳು ಇವತ್ತಿಗೂ ಯಾರ ಹತ್ರಾನೂ ಹೇಳಿಲ್ಲ," ಎಂದ. ತಾನೂ ಹೇಳಿರಲಿಲ್ಲ. ಅದು ತನಗೆ ಎಷ್ಟು ದೊಡ್ಡದೆಂದು ಅವಳಿಗಂತೂ ಹೇಳಿಯೇ ಇರಲಿಲ್ಲ.

ಚನ್ನಬಸವ್ವ ಮೂಗು ಒರೆಸಿಕೊಂಡು, "ಇದಕ್ಕ ಚೀಟಿ ಇಲ್ಲರಿ," ಎಂದಳು, ದನಿ ಮೆತ್ತಗೆ ಮಾಡಿ. "ಕಡೀದೊಂದು ಉಳದೈತಿ. ಗುರುವಾರದ ಆಂಟಿ. ಯಾಕ ಗುರುವಾರ?"

ಯೋಗೀಶ ಆ ಕಟ್ಟನ್ನು ತಿರುವಿ ನೋಡಿದ. ಗುರುವಾರ ಅವಳಿಗೆ ರಜೆ ಎಂಬುದಷ್ಟೇ ಗೊತ್ತು. ರಾಯರ ಮಠಕ್ಕೆ ಹೋಗುತ್ತಾಳೆಂದುಕೊಂಡಿದ್ದ. "ನಂಗೆ ಗೊತ್ತಿಲ್ಲ," ಎಂದ. "ಗುರುವಾರ ನಾನು ಆಫೀಸಲ್ಲಿರ್ತೀನಿ. ಅದು ಅವಳಲ್ಲದೆಯೂ ಇರಬಹುದು. ಸುಳ್ಳು ಹೇಳಲ್ಲ."

"ಹಂಗಾದ್ರ ಈ ಕಟ್ಟು ಬದಿಗೆ," ಎಂದು ಚನ್ನಬಸವ್ವ ಚೀಟಿಗಳನ್ನು ಸರಿಸಿದಳು.

"ಬದಿಗಿಡ್ಬೇಡಿ ಮೇಡಂ." ಮಾತಾಡಿದವನು ಅಜಯ್. "ಅದು ಅವರೇ."

ಇಬ್ಬರೂ ಅವನ ಕಡೆ ತಿರುಗಿದರು.

"ನಾವು ಸಿಡ್ನಿಗೆ ಹೋಗೋಕೆ ಮುಂಚೆ ಇಲ್ಲೇ ಇದ್ವಿ, ಅಂಕಲ್. ಪಾಪು ಹುಟ್ಟಿದ ಮೇಲೆ ನನ್ನ ಹೆಂಡತಿ ಅನಘಾ ಸರಿಯಾಗಿರಲಿಲ್ಲ. ಸುಮ್ಮನೆ ಅಳ್ತಾ ಕೂರೋಳು. ವೀಸಾ ಸಿಗದೆ ಎರಡೂ ಮನೆಯ ಅಮ್ಮಂದಿರು ಬರೋಕೆ ಆಗ್ಲಿಲ್ಲ. ಆಂಟಿ ಗುರುವಾರ ಗುರುವಾರ ಬರೋರು. ಪಾಪುಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸಿ, ಅನಘಂಗೆ ತಲೆ ಬಾಚಿ ಜಡೆ ಹಾಕಿ ಹೋಗೋರು. ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೂ ಅವರೇ. ನನ್ನ ಗಂಡನಿಗೂ ಹೇಳಲ್ಲ, ಇದು ನಮ್ಮ ನಮ್ಮಲ್ಲೇ ಇರ್ಲಿ ಅಂತ ಅನಘಂಗೆ ಮಾತು ಕೊಟ್ಟಿದ್ರು. ನಮ್ಮ ಮನೆ ಒಂದೇ ಅಲ್ಲ ಅಂತ ಈ ಕಟ್ಟು ನೋಡಿದ ಮೇಲೆ ಗೊತ್ತಾಯ್ತು."

ಚನ್ನಬಸವ್ವ ಬದಿಗೆ ಸರಿಸಿದ್ದ ಕಟ್ಟನ್ನು ಮತ್ತೆ ಜಯಲಕ್ಷ್ಮಿಯ ರಾಶಿಗೆ ಎಳೆದುಕೊಂಡಳು.

ಅಜಯ್ ನಿಲ್ಲಿಸಲಿಲ್ಲ. "ಇನ್ನೊಂದು ವಿಷ್ಯ ಇದೆ. ಸಿಡ್ನಿ ಎಣಿಕೇಲೂ ಇಂಥವು ಬಂದಿವೆ. ವೆರಿಬೀ ಆಂಟಿ, ಏರ್‌ಪೋರ್ಟ್ ಆಂಟಿ ಅಂತ. ಇಲ್ಲಿಂದ ಅಲ್ಲಿಗೆ ಬಂದೋರು ಬರೆದಿರೋದು. ಯಾರು ಅಂತ ಗೊತ್ತಾಗದೆ ಅಲ್ಲಿನ ಅಧಿಕಾರಿ ಬದಿಗಿಟ್ರು. ಐವತ್ತರ ಮೇಲಿದೆ. ನಾನು ಬಾಯಿ ಮುಚ್ಕೊಂಡಿದ್ದೆ. ನಮ್ಮ ಸೈಡಿಗೆ ಅದೇ ಒಳ್ಳೇದಿತ್ತು."

ಚನ್ನಬಸವ್ವ ನಿಯಮದ ಹಾಳೆ ನೋಡಿದಳು. "ಬದಿಗಿಟ್ಟಿದ್ದನ್ನ ಮತ್ತ ಎಣಿಸಬೇಕಂದ್ರ ಎರಡೂ ಕಡಿಯವರು ಒಪ್ಪಬೇಕು. ಯೋಗೀಶಪ್ಪಾರ, ಲೆಕ್ಕ ಮಾಡ್ಕೊಂಡು ಹೇಳ್ರಿ. ಸಿಡ್ನಿ ಚೀಟಿ ಬ್ಯಾಡ ಅಂದ್ರ ಆಕಿ ಕಡೀಗೆ ನಿಲ್ತಾಳ, ಆಕಿ ವೋಟೆಲ್ಲ ನಿಮಗ, ನೀವ ಅಧ್ಯಕ್ಷರು. ಬೇಕು ಅಂದ್ರ ಆಕಿ ನಿಮ್ಮನ್ನ ದಾಟ್ತಾಳ. ಕಡೀಗೆ ನೀವ. ಹೊರಗ ನೀವ."

ಲೆಕ್ಕ ಯೋಗೀಶನಿಗೂ ಗೊತ್ತಿತ್ತು. ಬೇಡವೆಂದು ತಲೆ ಅಲ್ಲಾಡಿಸಿದರೆ ಸಾಕು, ಮೂರು ಚುನಾವಣೆಯ ಆಸೆ ಕೈಗೆ ಬರುತ್ತಿತ್ತು. ಆದರೆ ಹಾರ ಹಾಕಿಕೊಂಡು ಏನು ಭಾಷಣ ಮಾಡುವುದು? ಮತ್ತೆ ಏರ್‌ಪೋರ್ಟಿನದೇ? ತನಗೆ ಗೊತ್ತಿದ್ದ ಜಯಾಳೇ ಇಷ್ಟು. ಗೊತ್ತಿಲ್ಲದ ಜಯಾಗೆ ಜಡೆ ಹಾಕಿಸಿಕೊಂಡವರು ಎರಡು ಊರಿನಲ್ಲಿದ್ದಾರೆ. ಅವರೆಲ್ಲ ಒಂದೇ ದಿನ, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಅದೇ ಖಾಲಿ ಸಾಲಿಗೆ ಕೈ ಹಾಕಿದ್ದಾರೆ. ಎದೆಯಲ್ಲಿ ಏನೋ ತುಂಬಿಕೊಂಡು ಬಂತು. ಸೋಲು ಇರಬಹುದೇ ಎಂದು ನೋಡಿಕೊಂಡ. ಅಲ್ಲ.

"ಸೇರಿಸಿ," ಎಂದ. "ಎಲ್ಲ ಸೇರಿಸಿ. ಆದ್ರೆ ಅಜಯ್, ಅಭಿನಂದನ್ ಒಪ್ತಾರೇನಪ್ಪಾ? ಅವರಿಗೂ ನಷ್ಟ ಆಗಬಹುದು."

ಅಜಯ್ ಹೊರಗೆ ಹೋಗಿ ಫೋನ್ ಮಾಡಿ ಬಂದ. "ಒಪ್ಪಿದ್ರು ಅಂಕಲ್. ನಮ್ಮ ಮನೇಲೂ ಅವರದೊಂದು ಕುಕ್ಕರ್ ಇದೆ ಮಾರಾಯ ಅಂದ್ರು."

ಸಿಡ್ನಿಯ ಚೀಟಿಗಳು ಸೇರಿದವು. ಯೋಗೀಶ ಎಣಿಕೆಯಿಂದ ಹೊರಬಿದ್ದ. ಈಗ ಅವನ ರಾಶಿಯನ್ನು ತಿರುವಿ ಎರಡನೆಯ ನಂಬರು ನೋಡಬೇಕು. ಸಿಡ್ನಿಯವರು ಅಲ್ಲಿನದನ್ನು ನೋಡಿ ಹೇಳಿದರು. ನೋಡಿದರೆ ಇವನಿಗೆ ಒಂದು ಹಾಕಿದವರಲ್ಲಿ ಬಹಳ ಮಂದಿ ಎರಡು ಅಂತ ಅದೇ ಆಂಟಿಯನ್ನೇ ಬರೆದಿದ್ದರು. "ಗಂಡಗ ಒಂದು, ಹೆಂಡ್ತಿಗೆ ಎರಡು. ಮನಿ ಬಿಟ್ಟು ಹೊರಗ ಹೋಗಿಲ್ಲ ನೋಡ್ರಿ ವೋಟು," ಎಂದು ಚನ್ನಬಸವ್ವ ಒಂದೊಂದಾಗಿ ಜಯಲಕ್ಷ್ಮಿಯ ಕಡೆ ಇಡುತ್ತ ಹೋದಳು. ಒಂದು ಚೀಟಿಯಲ್ಲಿ ಮಾತ್ರ ಎರಡನೆಯ ನಂಬರೇ ಇರಲಿಲ್ಲ. ಯಾರಿಗೂ ಸೇರಿಸಲಾಗದೆ ಅದು ಮೇಜಿನ ಅಂಚಿನಲ್ಲಿ ಉಳಿಯಿತು. ಹಸಿರು ಶಾಯಿ ನೋಡಿ ಅದು ತನ್ನದೇ ಎಂದು ಯೋಗೀಶನಿಗೆ ಗೊತ್ತಾಗಿ ಕಿವಿ ಬಿಸಿಯಾಯಿತು.

ಅಭಿನಂದನ್‌ನನ್ನು ಜಯಲಕ್ಷ್ಮಿ ಸಲೀಸಾಗಿ ದಾಟಿದಳು. ಇನ್ನು ಉಳಿದದ್ದು ಅವಳ ಒಪ್ಪಿಗೆ. ಚನ್ನಬಸವ್ವ ಫೋನನ್ನು ಯೋಗೀಶನ ಮುಂದೆ ತಳ್ಳಿದಳು. "ಸ್ಪೀಕರ್ ಹಾಕ್ರಿ. ನಾ ಕೇಳಿಸ್ಕೋಬೇಕು, ರೂಲ್ ಐತಿ."

"ಗೆದ್ರಾ?" ಎಂದಿತು ಅತ್ತಲಿಂದ ಜಯಲಕ್ಷ್ಮಿಯ ದನಿ. ಹಿಂದೆ ಕೂಸು ರಾಗ ಎಳೆಯುತ್ತಿತ್ತು.

"ಇಲ್ಲ. ನೀನು ಗೆದ್ದೆ."

"ತಮಾಷೆ ಸಾಕು. ಊಟ ಮಾಡಿದ್ರಾ?"

ನಡೆದದ್ದನ್ನೆಲ್ಲ ಹೇಳಲು ಯೋಗೀಶನಿಗೆ ಸುಮಾರು ಹೊತ್ತು ಹಿಡಿಯಿತು. ನಡುವೆ ಪ್ರಣತಿ ದೂರದಿಂದ "ಓ ಮೈ ಗಾಡ್, ಅಮ್ಮಾ!" ಎಂದು ಕಿರುಚಿದ್ದೂ ಕೇಳಿಸಿತು. ಆಮೇಲೆ ಜಯಲಕ್ಷ್ಮಿ ತಗ್ಗಿದ ದನಿಯಲ್ಲಿ, "ನಿಮಗೆ ಬೇಕಿತ್ತಲ್ವಾ ಅದು? ನಾನು ಬೇಡ ಅಂತೀನಿ, ನೀವೇ ಆಗಿ," ಎಂದಳು.

"ಬೇಡ ಅನ್ನಬೇಡ. ಇಲ್ಲಿ ಇಷ್ಟು ಜನ ನಿಂಗೆ ಥ್ಯಾಂಕ್ಸ್ ಹೇಳೋಕೆ ಇದೊಂದೇ ದಾರಿ ಸಿಕ್ಕಿದೆ. ಅದರಲ್ಲಿ ನಂದೂ ಒಂದು ಸೇರಿಸ್ಕೋ, ಜಯಾ. ನನ್ನ ಚೀಟೀಲಿ ಬರೆಯೋಕೆ ಹೊಳೀಲಿಲ್ಲ. ಬಾಯಲ್ಲಿ ಹೇಳ್ತಿದೀನಿ. ಏರ್‌ಪೋರ್ಟಿಗಲ್ಲ. ಆ ವರ್ಷ ಸಂಜೆ ವಾಕಿಂಗ್ ಕರ್ಕೊಂಡ್ ಹೋಗ್ತಿದ್ಯಲ್ಲ, ಅದಕ್ಕೆ."

ಅತ್ತ ಕೋಣೆಯ ಬಾಗಿಲು ಮುಚ್ಚಿದ ಸದ್ದಾಯಿತು.

"ರೀ, ಪಕ್ಕದಲ್ಲಿ ಯಾರಾದ್ರೂ ಇದಾರಾ?"

"ಇದಾರೆ. ಎಲ್ಲ ಕೇಳಿಸ್ಕೋತಿದಾರೆ."

"ಥೂ, ಇವರ..." ಎಂದಳು ಜಯಲಕ್ಷ್ಮಿ. ನಗುತ್ತಿದ್ದಳೋ ಅಳುತ್ತಿದ್ದಳೋ, ಫೋನಿನಲ್ಲಿ ತಿಳಿಯಲಿಲ್ಲ. "ಆಯ್ತು, ಒಪ್ಕೊಂಡೆ. ಆದ್ರೆ ಭಾಷಣ ಗೀಷಣ ನನ್ನ ಕೈಲಾಗಲ್ಲ, ಅದು ನಿಮ್ಮದೇ."

"ಮಾಡ್ತೀನಿ," ಎಂದ ಯೋಗೀಶ. "ಈ ಸಲ ಏನು ಹೇಳ್ಬೇಕು ಅಂತ ಗೊತ್ತಿದೆ."