ಒಂದು ಬಾಗಿಲು, ಮೂರು ಬೀಗ

ಸೇತುವೆಯ ಈಚೆ ಊರು, ಆಚೆ ಊರು, ರೈಲು ನಿಲ್ದಾಣದ ಊರು ಮೂರೂ ಸೇರಿ ಮನೆಯಿಲ್ಲದವರಿಗಾಗಿ ಒಂದು ಮನೆ ಕಟ್ಟಿದವು. ಕಟ್ಟಿದ್ದೇನೋ ಒಳ್ಳೆಯ ಕೆಲಸವೇ. ಆದರೆ ಒಂದು ಊರನ್ನು ಕಂಡರೆ ಇನ್ನೊಂದಕ್ಕೆ ಆಗದು. ಕೀಲಿಕೈ ಒಬ್ಬರ ಕೈಯಲ್ಲಿದ್ದರೆ ಮನೆಯೇ ಅವರದಾಗಿಬಿಟ್ಟೀತು ಎಂಬ ಭಯದಿಂದ ಒಂದೇ ಬಾಗಿಲಿಗೆ ಊರಿಗೊಂದರಂತೆ ಮೂರು ಬೀಗ ಬಿದ್ದವು.

ಇದನ್ನು ಕೇಳಿ ಬೀಗದಕ್ಕನಿಗೆ ನಗು ತಡೆಯಲಾಗಲಿಲ್ಲ. ಅಪ್ಪನಿಂದ ಕಲಿತ ಬೀಗ ರಿಪೇರಿಯಲ್ಲಿ ಆಕೆ ಮೂವತ್ತು ವರ್ಷ ಪಳಗಿದವಳು. ಬಾಡಿಗೆ ಮನೆಯನ್ನು ಮಾಲೀಕ ಕೆಡವಿಸಿದ ಮೇಲೆ ಉಳಿದದ್ದು ಅರ, ಇಕ್ಕುಳ ತುಂಬಿದ ತಗಡಿನ ಪೆಟ್ಟಿಗೆಯೊಂದೇ. ಹೊಸ ಮನೆಯಲ್ಲಿ ತನಗೊಂದು ಮಂಚ ಸಿಗಲೆಂದು ಅರ್ಜಿ ಹಾಕಿದ್ದಳು. ಕೆಲಸ ಈಚೆ ಊರಿನ ರಸ್ತೆಬದಿಯಲ್ಲಿ, ನಿದ್ದೆ ಆಚೆ ಊರಿನ ಬಸ್ ತಂಗುದಾಣದಲ್ಲಿ, ಸ್ನಾನ ರೈಲು ನಿಲ್ದಾಣದ ನಲ್ಲಿಯಲ್ಲಿ. ಹೀಗಾಗಿ ‘ಈಕೆ ನಮ್ಮವಳಲ್ಲ’ ಎಂದು ಬರೆದು ಮೂರೂ ಊರಿನವರು ಅರ್ಜಿ ವಾಪಸ್ ಕಳಿಸಿದರು. ಆ ಒಂದು ವಿಷಯದಲ್ಲಿ ಮಾತ್ರ ಅವರಲ್ಲಿ ಒಮ್ಮತವಿತ್ತು.

ಉದ್ಘಾಟನೆಯ ಬೆಳಿಗ್ಗೆ ಮೂರೂ ಊರಿನ ಪಂಚಾಯಿತಿ ಅಧ್ಯಕ್ಷರು ಒಂದೇ ಕತ್ತರಿಗೆ ಬೆರಳು ತೂರಿಸಿ ಹೇಗೋ ಟೇಪು ಕತ್ತರಿಸಿದರು. ಆಮೇಲೆ ನೋಡಿದರೆ ರೈಲು ನಿಲ್ದಾಣದ ಊರಿನ ಕೀಲಿಕೈ ರಜೆಯಲ್ಲಿದ್ದ ಗುಮಾಸ್ತನ ಜೇಬಿನಲ್ಲಿ. ಆಚೆ ಊರಿನವರು ತಂದದ್ದು ತಮ್ಮ ಕಚೇರಿ ಕಪಾಟಿನ ಕೀಲಿಕೈ. ಗಂಟುಮೂಟೆ ಹೊತ್ತ ಹನ್ನೊಂದು ಮಂದಿ ಬಿಸಿಲಲ್ಲಿ ಮಿಕಿಮಿಕಿ ನೋಡುತ್ತ ನಿಂತಿದ್ದರು. ಕೊನೆಗೆ ಯಾರೋ ಓಡಿಹೋಗಿ ಬೀಗದಕ್ಕನನ್ನು ಕರೆತಂದರು.

ಆಕೆ ಬಾಗಿಲ ಮುಂದೆ ಕುಕ್ಕರುಗಾಲಲ್ಲಿ ಕೂತು ಮೂರೂ ಬೀಗ ಅಲ್ಲಾಡಿಸಿ ನೋಡಿದಳು.

“ತೆಗೀಬಹುದು. ಆದ್ರೆ ನಾಳೆ ಮತ್ತೆ ಇದೇ ಪಾಡು. ಇವನ್ನ ಬಿಸಾಕಿ ಒಂದೇ ಬೀಗ ಕೂರಿಸ್ತೀನಿ, ಮೂರು ಊರಿಗೂ ಕೀಲಿಕೈ ಮಾಡ್ಕೊಡ್ತೀನಿ.”

“ಮೂರೂ ಒಂದೇ ಥರ ಇರ್ಬೇಕು. ಯಾರದ್ದೂ ದೊಡ್ಡದಾಗಿರ್ಬಾರ್ದು,” ಎಂದರು ಆಚೆ ಊರಿನ ಅಧ್ಯಕ್ಷರು.

“ಕೂದಲೆಳೆಯಷ್ಟೂ ವ್ಯತ್ಯಾಸ ಬರಲ್ಲ ಸ್ವಾಮಿ. ಬಂದ್ರೆ ಬಾಗಿಲೇ ತೆಗೆಯಲ್ಲ.”

ಬೀಗಗಳು ಒಂದೊಂದಾಗಿ ಕಳಚಿಬಿದ್ದವು. ಹನ್ನೊಂದು ಮಂದಿ ಒಳಗೆ ಹೋಗಿ ತಮ್ಮ ತಮ್ಮ ಮಂಚ ಹಿಡಿದರು. ಪೆಟ್ಟಿಗೆಯಲ್ಲಿದ್ದ ಬೀಗವೊಂದನ್ನು ಕೂರಿಸಿ, ಹೊಸ್ತಿಲ ಮೇಲೆ ಕೂತು ಅರ ಉಜ್ಜುತ್ತಿದ್ದ ಬೀಗದಕ್ಕ ಒಳಗೆ ಇಣುಕಿದಳು. ಮಂಚ ಹನ್ನೆರಡಿದ್ದವು. ಕಿಟಕಿ ಪಕ್ಕದ್ದು ಖಾಲಿ.

ಮೂರು ಕೀಲಿಕೈ ಮೂವರಿಗೂ ಸಂದವು. ಒಂದರ ಮೇಲೊಂದಿಟ್ಟು ಅಳೆದು ನೋಡಿ ಅಧ್ಯಕ್ಷರಿಗೆಲ್ಲ ಸಮಾಧಾನವಾಯಿತು. ಆದರೂ ಅರದ ಸದ್ದು ನಿಲ್ಲಲಿಲ್ಲ.

“ಮೂರೂ ಆಯ್ತಲ್ಲಮ್ಮ. ಇದು ಯಾವ ಊರಿಂದು?” ಈಚೆ ಊರಿನ ಅಧ್ಯಕ್ಷರು ಕೇಳಿದರು.

“ಯಾವ ಊರಿಂದೂ ಅಲ್ಲ. ನಂದು.”

ಬೇಡ ಎನ್ನುವ ಅಧಿಕಾರ ಮೂವರಿಗೂ ತಮ್ಮ ತಮ್ಮ ಊರಿನವರ ಮೇಲಷ್ಟೇ ಇತ್ತು; ಹಾಗೆನ್ನಬೇಕಾದರೆ ಆಕೆ ತಮ್ಮೂರಿನವಳೆಂದು ಮೊದಲು ಒಪ್ಪಬೇಕಿತ್ತು. ಅಲ್ಲವೆಂದು ತಾವೇ ಬರೆದುಕೊಟ್ಟಿದ್ದರು. ಒಬ್ಬರು ಕೆಮ್ಮಿದರು, ಒಬ್ಬರು ಕೈಗಡಿಯಾರ ನೋಡಿಕೊಂಡರು, ಇನ್ನೊಬ್ಬರು ಆಗಲೇ ಕಾರಿನ ಕಡೆ ನಡೆದಿದ್ದರು.

ಮೂವತ್ತು ವರ್ಷ ಬೇರೆಯವರ ಬಾಗಿಲಿಗೆ ಕೀಲಿಕೈ ಮಾಡಿಕೊಟ್ಟವಳು, ಆ ನಾಲ್ಕನೆಯದನ್ನು ತನ್ನ ಬಾಗಿಲಿನ ಬೀಗಕ್ಕೆ ಹಾಕಲು ಹೋದಳು. ಎರಡು ಸಲ ಕಿಂಡಿ ತಪ್ಪಿತು. ಮೂರನೆಯ ಸಲಕ್ಕೆ ಕೀಲಿಕೈ ತಿರುಗಿತು.