ಮೇಷ್ಟ್ರ ಕೋಣೆಗೆ ಎಳೆದ ವೈರು

"ಆಕ್ಲಾ, ಬ್ಯಾಡ್ವಾ? ಒಂದು ಮಾತು ಏಳವ್ವ," ಎಂದರು ಮನೆ ಮಾಲೀಕ ಚಿಕ್ಕಬೈರಪ್ಪ. ಅವರ ಒಂದು ಕೈಯಲ್ಲಿ ವೈರಿನ ಸುರುಳಿ, ಇನ್ನೊಂದರಲ್ಲಿ ಪ್ಲಗ್ಗು. ಹಿಂದೆ ಜನರೇಟರ್ ಗಡಗಡ ಎನ್ನುತ್ತಿತ್ತು.

ಭುವನೇಶ್ವರಿ ಆ ಪ್ಲಗ್ಗನ್ನೇ ನೋಡಿದಳು. ಕರೆಂಟ್ ಹೋದರೆ ಸಿಂಗಸಂದ್ರದ ಆ ನಾಲ್ಕಂತಸ್ತಿನ ಕಟ್ಟಡಕ್ಕೆಲ್ಲ ಜನರೇಟರ್ ಬೆಳಕು ಬರುತ್ತಿತ್ತು. ಕೆಳಗೆ, ಕಾರು ನಿಲ್ಲಿಸುವ ಜಾಗದ ಹಿಂದಿದ್ದ ಈಶಪ್ಪ ಮೇಷ್ಟ್ರ ಒಂಟಿ ಕೋಣೆಗೆ ಮಾತ್ರ ಬರುತ್ತಿರಲಿಲ್ಲ. ಆ ಲೈನನ್ನು ಮೇಷ್ಟ್ರೇ ತೆಗೆಸಿದ್ದರು. ಬೆಳಗಿನ ಜಾವ ಎದೆನೋವಿನಿಂದ ತೀರಿಕೊಂಡ ಅವರು ಈಗ ಅದೇ ಕೋಣೆಯಲ್ಲಿ, ಬಾಡಿಗೆಗೆ ತಂದ ಫ್ರೀಜರ್ ಪೆಟ್ಟಿಗೆಯೊಳಗೆ ಮಲಗಿದ್ದರು. ಟ್ರಾನ್ಸ್‌ಫಾರ್ಮರ್ ಸುಟ್ಟು ಪೆಟ್ಟಿಗೆ ಈಗಷ್ಟೇ ನಿಂತಿತ್ತು. ಏಪ್ರಿಲ್ ತಿಂಗಳ ಸೆಕೆ. ಬಾದಾಮಿ ಕಡೆಯಿಂದ ಹೊರಟಿದ್ದ ಅವರ ಅಕ್ಕ ಮುದುಕವ್ವನ ಬಸ್ಸು ಇನ್ನೂ ಚಿತ್ರದುರ್ಗ ದಾಟಿರಲಿಲ್ಲ.

"ಸಂಜೆಗಂಟ ಕರೆಂಟ್ ಬರಾಕಿಲ್ಲ ಅಂತ ಲೈನ್‌ಮನ್ ಏಳ್ದ. ಈ ಸೆಕೆಗೆ ತಡೆಯಾಕಿಲ್ಲ ಕಣವ್ವ. ಅವರಕ್ಕ ಬಂದು ಮುಖ ನೋಡ್ಬ್ಯಾಡ್ವಾ?"

"ಗೊತ್ತು ಅಣ್ಣ. ಆದ್ರೆ ಸಾರ್ ಒಂದ್ ದಿನಾನೂ ಇದನ್ನ ಹಾಕಿಸ್ಕೊಂಡೋರಲ್ಲ."

"ಬದುಕಿದ್ದಾಗ ಬ್ಯಾಡ ಅಂದ್ರು. ಈಗ ಯಾರ್ನ ಕೇಳಾದು?"

ಕೇಳಲು ನಿಜಕ್ಕೂ ಯಾರೂ ಇರಲಿಲ್ಲ. ಕಾಲೇಜಿನಿಂದ ಒಂದು ಹಾರ ಬಂದಿತ್ತು. ತಂದವರು ಅದನ್ನು ಪೆಟ್ಟಿಗೆಯ ಮೇಲಿಟ್ಟು, ಹೊಸೂರು ರಸ್ತೆಯ ಟ್ರಾಫಿಕ್ಕಿನ ಬಗ್ಗೆ ಎರಡು ಮಾತಾಡಿ, ಬಂದ ಕಾರಿನಲ್ಲೇ ಹೊರಟುಹೋಗಿದ್ದರು.

*

ಭುವನೇಶ್ವರಿ ಎಂಜಿನಿಯರಿಂಗ್ ಓದುವಾಗ ಈಶಪ್ಪ ಮೇಷ್ಟ್ರದು ಶಕ್ತಿ ಮತ್ತು ಪರಿಸರದ ಪಾಠ. ಒಂದು ಮಳೆಗಾಲದ ಮಧ್ಯಾಹ್ನ ಕರೆಂಟ್ ಹೋಯಿತು. ಪಕ್ಕದ ಕ್ಲಾಸುಗಳಲ್ಲೆಲ್ಲ ದೀಪ ಹತ್ತಿದರೂ ಇಲ್ಲಿ ಹತ್ತಲಿಲ್ಲ. ತಮ್ಮ ಕ್ಲಾಸಿಗೆ ಜನರೇಟರ್ ಕೊಡಬೇಡಿರೆಂದು ಮೇಷ್ಟ್ರು ಹೇಳಿಟ್ಟಿದ್ದರು.

"ಸಾರ್, ನಮ್ಮೊಂದು ಕ್ಲಾಸು ಕತ್ಲಾದ್ರೆ ಭೂಮಿ ಉಳ್ಯುತ್ತಾ?" ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. ಎಲ್ಲರೂ ನಕ್ಕರು.

"ಉಳಿಯಂಗಿಲ್ಲಪ," ಎಂದರು ಮೇಷ್ಟ್ರು, ಕಿಟಕಿ ತೆರೆಯುತ್ತಾ. "ಆದ್ರ ನಾಳೆ ಫ್ಯಾಕ್ಟರಿ ಕಟ್ಟಾವ್ರು, ಬಿಲ್ಡಿಂಗ್ ಕಟ್ಟಾವ್ರು ನೀವ. ಹೊಗಿ ಬಿಡದಂಗ ಬದುಕೂದನ್ನ ಕಾಲೇಜಿನ್ಯಾಗ ಕಲೀಲಿಲ್ಲಂದ್ರ ಹೊರಗ ಯಾರು ಕಲಸ್ತಾರ?"

ಅವತ್ತು ನಗದೆ ಕೂತವಳು ಭುವನೇಶ್ವರಿ ಒಬ್ಬಳೇ. ಆ ವರ್ಷ ಅವಳು ಮೇಷ್ಟ್ರ ಜೊತೆ ಇಡೀ ಕಾಲೇಜಿನ ಹೊಗೆಯ ಲೆಕ್ಕ ತೆಗೆದಳು: ಬಸ್ಸುಗಳು, ಹಾಸ್ಟೆಲ್ಲಿನ ಬಾಯ್ಲರು, ಜನರೇಟರು. ಅದನ್ನೆಲ್ಲ ಸೊನ್ನೆಗೆ ಇಳಿಸಬೇಕೆಂಬುದು ಅವರ ಹಟ. ಆಡಳಿತ ಮಂಡಳಿ ಬಹಳ ಮೆಚ್ಚಿತು. ಮೆಚ್ಚಿ, ಗೇಟಿನ ಮೇಲೆ 'ಹಸಿರು ಕಾಲೇಜು' ಎಂದು ರಾತ್ರಿಯೆಲ್ಲ ಉರಿಯುವ ಬೋರ್ಡು ಹಾಕಿಸಿತು. ಮೇಷ್ಟ್ರು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಾರನೆಯ ದಿನ ತಮ್ಮ ಬಾಡಿಗೆ ಕೋಣೆಗಿದ್ದ ಜನರೇಟರ್ ಲೈನು ತೆಗೆಸಿದರು. ಅವರ ಕೈಲಾಗುವುದು ಅಷ್ಟೇ ಉಳಿದಿತ್ತು.

*

ಈಗ ಅವಳೂ ಅದೇ ಕಾಲೇಜಿನಲ್ಲಿ ಮೇಡಂ. ನಾಳೆಯಿಂದ ಮೇಷ್ಟ್ರ ಪಾಠ ಅವಳದು. ಇಲ್ಲಿ ಜನರೇಟರ್ ಹಾಕಿಸಿದ ಮೇಲೆ ಯಾವ ಬಾಯಲ್ಲಿ ಹುಡುಗರಿಗೆ ಬೇಡ ಅನ್ನುವುದು? ಹಾಕಿಸದಿದ್ದರೆ ಮುದುಕವ್ವನಿಗೆ ಏನು ತೋರಿಸುವುದು?

"ಕೊಡಿ ಅಣ್ಣ," ಎಂದು ಪ್ಲಗ್ಗು ತೆಗೆದುಕೊಂಡು ತಾನೇ ಸಿಕ್ಕಿಸಿದಳು. ಪೆಟ್ಟಿಗೆ ನಡುಗಿ ಶುರುವಾಯಿತು. ಅವಳಿಗೆ ಮೇಷ್ಟ್ರ ಮುಖ ನೋಡಲು ನಾಚಿಕೆಯಾಯಿತು.

ಹೊತ್ತು ಇಳಿಯುವಾಗ ಮುದುಕವ್ವ ಬಂದಳು. ತಮ್ಮನ ಮುಖವನ್ನು ಗಾಜಿನ ಮೇಲಿಂದಲೇ ಸವರಿ ನೆಲಕ್ಕೆ ಕೂತಳು. ತುಟಿ ಅಲುಗುತ್ತಿತ್ತು, ಮಾತು ಮಾತ್ರ ಕೇಳುತ್ತಿರಲಿಲ್ಲ.

"ಏನವ್ವ ಇದು ಸಪ್ಪಳ?"

"ಜನರೇಟರ್ ಅಮ್ಮ. ಸಾರ್‌ಗೆ ಇದು ಆಗ್ತಿರ್ಲಿಲ್ಲ. ನೀವು ಮುಖ ನೋಡ್ಲಿ ಅಂತ ನಾನೇ ಹಾಕಿಸ್ದೆ."

ಮುದುಕವ್ವ ಅವಳ ಕೈ ಹಿಡಿದುಕೊಂಡಳು. "ನೋಡಿದ್ನಲ್ಲ. ಛಲೋ ಮಾಡಿದಿ ಯವ್ವಾ. ಇನ್ನ ಆರಸು. ನಾ ಅಳೂದು ನನಗ ಕೇಳವಲ್ದು."

ಚಿಕ್ಕಬೈರಪ್ಪ ಹೋಗಿ ಜನರೇಟರ್ ನಿಲ್ಲಿಸಿದರು. "ತಮ್ಮಾ, ನನ್ನ ತಮ್ಮಾ," ಎಂಬ ಮುದುಕವ್ವನ ದನಿ ಕಟ್ಟಡದ ಉದ್ದಕ್ಕೂ ಏರಿತು. ಮೇಲಿನ ಮನೆಗಳಲ್ಲಿ ಫ್ಯಾನು, ಟೀವಿ ನಿಂತು ಒಂದೊಂದೇ ಬಾಗಿಲು ತೆರೆದುಕೊಂಡಿತು. ಕರೆಂಟ್ ಏಕೆ ಹೋಯಿತೆಂದು ಕೇಳಲು ಬಾಲ್ಕನಿಯಿಂದ ಬಗ್ಗಿದವರು ಕೆಳಗಿನ ಕೋಣೆಯ ಬಾಗಿಲ ಮುಂದೆ ಚೆಲ್ಲಿದ್ದ ಹೂವು ಕಂಡು ಹಾಗೇ ನಿಂತರು. ಎರಡನೇ ಮಹಡಿಯ ಹೆಂಗಸು ಪಕ್ಕದ ಮನೆಯವಳನ್ನು ಮೆಲ್ಲಗೆ ಕೇಳಿದಳು:

"ಕೆಳ್ಗಡೆ ರೂಮಲ್ಲಿ ಯಾರಾದ್ರೂ ಇದ್ರಾ?"