ಇಡೆಲ್ಲಾಳ ಕತ್ತರಿ

ಫಿಲ್ಮ್ ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಚರ್ಚಿನ ಊಟದ ಕೋಣೆಗೆಲ್ಲ ಹುಳಿ ವಾಸನೆ ಹಬ್ಬಿತು. ವರ್ಲೀನ್ ಟಾಲಿವರ್ ಡಬ್ಬಿಯ ಮೇಲೆ ಬಾಗಿದಳು. ಮೌಂಟ್ ನೀಬೋ ಚರ್ಚಿನ ಹಳೆಯ ಕಾಗದ, ಫೋಟೋಗಳನ್ನೆಲ್ಲ ಮೂವತ್ತು ವರ್ಷದಿಂದ ಕಾಪಾಡಿಕೊಂಡು ಬಂದವಳು; ಹಾಳಾದ ವಸ್ತುವಿನ ವಾಸನೆ ಅವಳಿಗೆ ಗೊತ್ತು.

"ಸತ್ತೇ ಹೋಯ್ತಾ?"

"ಸಾಯ್ತಾ ಇದೆ, ಇನ್ನೂ ಸತ್ತಿಲ್ಲ," ಎಂದಳು ಡೆಲ್ಫೀನ್. ಕಪ್ಪು ಜನ ತಮ್ಮವರಿಗಾಗಿಯೇ ತೆಗೆದ ಹಳೆಯ ಸಿನಿಮಾಗಳನ್ನು ಹುಡುಕಿಕೊಂಡು ಜಾರ್ಜಿಯಾ ಇಡೀ ಕಾರಿನಲ್ಲಿ ಸುತ್ತುವವಳು ಅವಳು. "ಮಿಸ್ ವರ್ಲೀನ್, ಸ್ವಲ್ಪ ಆಚೆ ನಿಂತ್ಕೊಳ್ಳಿ. ನಿಮ್ಮ ಉಸಿರು ಫಿಲ್ಮಿಗೆ ತಾಗ್ತಿದೆ."

ವರ್ಲೀನ್ ಅಲ್ಲಾಡಲಿಲ್ಲ. ಹೇಗೆ ಅಲ್ಲಾಡುತ್ತಾಳೆ? ಈ ಸಿನಿಮಾದ ಒಂದೇ ಒಂದು ದೃಶ್ಯದಲ್ಲಿ ಅವಳ ತಾಯಿ ಓಝೆಲ್ಲಾ ಕುಣಿದಿದ್ದಾಳೆ. ಮಗಳು ಹುಟ್ಟಿದ ಎರಡೇ ತಿಂಗಳಿಗೆ ಆಕೆ ತೀರಿಕೊಂಡಳು; ಮನೆಗೆ ಬೆಂಕಿ ಬಿದ್ದಾಗ ಫೋಟೋಗಳೂ ಬೂದಿಯಾದವು. ಎಪ್ಪತ್ತೊಂದು ತುಂಬಿದ ವರ್ಲೀನ್‌ಗೆ ಹೆತ್ತವಳ ಮುಖ ಹೇಗಿತ್ತೆಂದೇ ಗೊತ್ತಿಲ್ಲ.

ಯಂತ್ರಕ್ಕೆ ಹಾಕಿದರೆ ಹರಿದೀತೆಂದು ಡೆಲ್ಫೀನ್ ಸುರುಳಿಯನ್ನು ಕೈಯಲ್ಲೇ ಬಿಚ್ಚುತ್ತ, ದೀಪದ ಮೇಲಿನ ಗಾಜಿನಲ್ಲಿ ಒಂದೊಂದೇ ಚಿತ್ರ ನೋಡುತ್ತಿದ್ದಳು. ಬೆರಳಿಗೆ ಅಂಟು ಪಟ್ಟಿ ತಾಗಿದಾಗ ನಕ್ಕಳು.

"ನೋಡಿ, ಚರ್ಚಿನವರ ಕೈಚಳಕ! ಚರ್ಚಿಗೆ ಬಂದೋರಿಗೆ ತೋರಿಸೋ ಮುಂಚೆ ಕುಡಿಯೋದು, ಮುತ್ತು ಕೊಡೋದು, ಎಲ್ಲಾ ಕತ್ತರಿಸಿ ಬಿಸಾಕಿ ಜೋಡಿಸಿದ್ದಾರೆ. ಯಾವ ಚರ್ಚಿನ ಕಾಪಿ ತೆಗೆದ್ರೂ ಇದೇ ಕಥೆ."

"ಕುಣಿತ?" ಎಂದು ಕೇಳಿದಳು ವರ್ಲೀನ್.

"ಅಯ್ಯೋ, ಮೊದಲು ಹೋಗೋದೇ ಅದು."

ಈ ಚರ್ಚಿನಲ್ಲಿ ಸಿನಿಮಾಗಳಿಗೆ ಕತ್ತರಿ ಹಾಕಿ ಶುದ್ಧ ಮಾಡುತ್ತಿದ್ದವಳು ಇಡೆಲ್ಲಾ. ಓಝೆಲ್ಲಾಳ ತಾಯಿ, ವರ್ಲೀನ್‌ಳನ್ನು ಸಾಕಿದ ಅಜ್ಜಿ. ಮಗಳನ್ನು ಮಣ್ಣುಮಾಡಿ ವರ್ಷ ಕಳೆಯುವ ಮೊದಲೇ ಈ ಡಬ್ಬಿ ಚರ್ಚಿಗೆ ಬಂದಿತ್ತು. ಕುಣಿಯಲು ಹೋದವಳ ಹೆಸರನ್ನು ಮನೆಯಲ್ಲಿ ಎತ್ತಲು ಬಿಡದ ಮುದುಕಿ ಆಕೆ. ಹೆಸರು ಅಳಿಸಿದ್ದು ಸಾಲದೆಂದು ಮುಖವನ್ನೂ ಕಸಕ್ಕೆ ಎಸೆದಳೇ? ಸತ್ತ ಅಜ್ಜಿಯ ಮೇಲೆ ವರ್ಲೀನ್‌ಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು.

"ಹೆಂಡದಂಗಡಿ ಬಂತು," ಎಂದಳು ಡೆಲ್ಫೀನ್. "ಬಾಗಿಲು... ಹೂಂ, ಇಲ್ಲೇ ಅಂಟು. ಆಮೇಲೆ ಪಾದ್ರಿ ಉಪದೇಶ."

"ಅಷ್ಟೇನಾ? ಅಷ್ಟೇನಾ ಮಗಳೇ?"

"ತಾಳಿ, ತಾಳಿ." ಡೆಲ್ಫೀನ್ ಭೂತಗನ್ನಡಿ ಇಟ್ಟು ಬಾಗಿದಳು. ತುಟಿ ಅಲ್ಲಾಡಿಸುತ್ತ ಎಣಿಸಿದಳು. ಮತ್ತೆ ಎಣಿಸಿದಳು. ವರ್ಲೀನ್‌ಗೆ ಆ ಕ್ಷಣ ಕಳೆಯುವುದೇ ಇಲ್ಲವೆನಿಸಿತು.

"ಬೇರೆ ಕಡೆಯೆಲ್ಲಾ ಪಾಪ ಕಣ್ಣಿಗೆ ಬೀಳೋ ಮುಂಚೆನೇ ಕತ್ತರಿ ಬಿದ್ದಿದೆ. ಇಲ್ಲೊಂದೇ ಕಡೆ ಬಾಗಿಲು ಪೂರ್ತಿ ತೆರೆದಿದೆ. ಒಬ್ಬಳು ಹುಡುಗಿ ಒಳಗೆ ಬಂದು ನಮ್ಮ ಕಡೆ ತಿರುಗಿದ್ದಾಳೆ. ಹನ್ನೊಂದು ಚಿತ್ರ. ಓಡಿಸಿದ್ರೆ ಅರ್ಧ ಸೆಕೆಂಡೂ ಇಲ್ಲ." ಡೆಲ್ಫೀನ್ ತಲೆಯೆತ್ತಿದಳು. "ಕೈ ತಪ್ಪಿದ್ದಲ್ಲ ಇದು. ಕತ್ತರಿಸಿದೋರು ಮುಖ ಬರೋವರೆಗೂ ಕಾದಿದ್ದಾರೆ."

ವರ್ಲೀನ್ ಗಾಜಿಗೆ ಕಣ್ಣಿಟ್ಟಳು. ಇಪ್ಪತ್ತರ ಹುಡುಗಿ, ಯಾರನ್ನೋ ಕಂಡು ಆಗತಾನೆ ನಗುತ್ತಿದ್ದಾಳೆ. ಮೂಗು, ಗಲ್ಲ, ಎಲ್ಲ ಇಡೆಲ್ಲಾಳದೇ.

"ಅಜ್ಜೀ," ಎಂದಳು ವರ್ಲೀನ್, ಗಾಜಿನಿಂದ ಕಣ್ಣು ಕೀಳದೆ. "ನಂಗೊಂದು ಮಾತು ಹೇಳ್ಬಾರ್ದಿತ್ತಾ?"